ಎರಡು ಆಟಗಳ ಶಾಂತಾ

ಮಗಳು ಹೈಸ್ಕೂಲು ಮೆಟ್ಟಿಲೇರಿದೊಡನೆ 'ಆಟ ಸಾಕು, ಇನ್ನು ಓದು' ಎನ್ನುವ ಮಾತು ನಮ್ಮ ಬಳಗಾನೂರಿನಂಥ ಊರುಗಳಲ್ಲಿ ಹೊಸದಲ್ಲ. ಅಂಥ ಪಾಲಕರು ಬೆಂಗಳೂರಿನ ಶಾಂತಾ ರಂಗಸ್ವಾಮಿ ಅವರ ಬದುಕನ್ನು ಒಮ್ಮೆ ಗಮನಿಸಬೇಕು.

1954ರಲ್ಲಿ ಜನಿಸಿದ ಶಾಂತಾ ಕ್ರಿಕೆಟ್ ಜೊತೆಗೆ ಸಾಫ್ಟ್‌ಬಾಲ್ ಕೂಡ ಆಡಿದವರು. ಸಾಫ್ಟ್‌ಬಾಲ್‌ನಲ್ಲಿ ಬ್ಯಾಟು ದುಂಡಗೆ. ಚೆಂಡು ನೆಲಕ್ಕೆ ತಾಗದೆ ನೇರ ಬರುತ್ತದೆ. ಕ್ರಿಕೆಟ್‌ನಲ್ಲಿ ಬ್ಯಾಟು ಚಪ್ಪಟೆ. ಚೆಂಡು ಹೆಚ್ಚಾಗಿ ಪುಟಿದು ಬರುತ್ತದೆ. ಆದರೆ ಎರಡರಲ್ಲೂ ಚೆಂಡಿನ ವೇಗ, ದಿಕ್ಕುಗಳನ್ನು ಕಣ್ಣು ಕ್ಷಣಾರ್ಧದಲ್ಲಿ ಅಳೆಯಬೇಕು, ಕೈಕಾಲು ಅದಕ್ಕೆ ಹೊಂದಿಕೊಳ್ಳಬೇಕು. ಒಂದರಲ್ಲಿ ಪಳಗಿದ ಕಣ್ಣು ಇನ್ನೊಂದಕ್ಕೂ ಒದಗುತ್ತದೆ.

1976ರಲ್ಲಿ ಭಾರತದ ಮಹಿಳೆಯರು ವೆಸ್ಟ್ ಇಂಡೀಸ್ ವಿರುದ್ಧ ಬೆಂಗಳೂರಿನಲ್ಲಿ ತಮ್ಮ ಮೊದಲ ಟೆಸ್ಟ್ ಆಡಿದಾಗ ಶಾಂತಾ ಅವರೇ ನಾಯಕಿ. ಅದೇ ನವೆಂಬರಿನಲ್ಲಿ ಪಟ್ನಾದಲ್ಲಿ ಮೊದಲ ಗೆಲುವು. 1977ರ ಜನವರಿಯಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಅವರು 108 ರನ್ ಗಳಿಸಿದರು. ಟೆಸ್ಟ್‌ನಲ್ಲಿ ಭಾರತೀಯ ಮಹಿಳೆಯೊಬ್ಬರ ಮೊದಲ ಶತಕವದು. ಅರ್ಜುನ ಪ್ರಶಸ್ತಿ ಪಡೆದ ಮೊದಲ ಕ್ರಿಕೆಟ್ ಆಟಗಾರ್ತಿಯೂ ಅವರೇ.

ಆಗ ಆಟಗಾರ್ತಿಯರಿಗೆ ಹಣವಿರಲಿಲ್ಲ; ಕಾಯ್ದಿರಿಸದ ರೈಲು ಬೋಗಿಯೇ ಗತಿ. ಶಾಂತಾ ಓದನ್ನೂ ಬಿಡಲಿಲ್ಲ. ಕೆನರಾ ಬ್ಯಾಂಕಿನಲ್ಲಿ ದುಡಿದು ಜನರಲ್ ಮ್ಯಾನೇಜರ್ ಹುದ್ದೆಗೇರಿದರು. 2019ರಲ್ಲಿ ಭಾರತದ ಪುರುಷರ ತಂಡಕ್ಕೆ ತರಬೇತುದಾರರನ್ನು ಆರಿಸಿದ ಸಮಿತಿಯಲ್ಲಿ ಕಪಿಲ್ ದೇವ್, ಅಂಶುಮನ್ ಗಾಯಕವಾಡ್ ಜೊತೆ ಅವರೂ ಕುಳಿತಿದ್ದರು.

ಸಂಜೆಯ ಒಂದು ತಾಸಿನ ಆಟ ಓದಿಗೆ ವೈರಿಯಲ್ಲ. ಪಾಲಕರೇ, ಮಗಳ ಕೈಯ ಬ್ಯಾಟು ಕಸಿದು ಅಟ್ಟಕ್ಕೆ ಹಾಕುವ ಮುನ್ನ ಇನ್ನೊಮ್ಮೆ ಯೋಚಿಸಿ. ವಿದ್ಯಾರ್ಥಿನಿಯರೇ, ಒಂದೇ ಆಟಕ್ಕೆ ಅಂಟಿಕೊಳ್ಳುವ ಅವಸರ ಬೇಡ. ಸಿಕ್ಕ ಆಟವನ್ನೆಲ್ಲ ಆಡಿ ನೋಡಿ.