ಗರ್ಭಿಣಿಯರಿಗೆ ‘ರಕ್ತ ತೆಳು ಮಾಡುವ’ ಸೂಜಿ ಏಕೆ?

ಹತ್ತನೆಯ ತರಗತಿಯಲ್ಲಿ ರಕ್ತದ ಪಾಠ ನಡೆದಿತ್ತು. ಕಿರುತಟ್ಟೆಗಳ ಕೆಲಸ ಹೇಳಿ ಮುಗಿಸುವ ಹೊತ್ತಿಗೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಅಕ್ಕೋರ, ನಮ್ಮ ವೈನಿ ಬಸುರ ಅದಾಳ್ರಿ. ದಿನಾ ಹೊಟ್ಟಿಗೆ ರಕ್ತ ತೆಳ್ಳಗ ಮಾಡೋ ಸೂಜಿ ಹಾಕ್ತಾರ. ರಕ್ತ ನೀರಾದ್ರ ಕೂಸಿಗೆ ಶಕ್ತಿ ಎಲ್ಲಿಂದ ಬರತೈತ್ರಿ?” ಹುಡುಗರು ನಕ್ಕರು. ನನಗೆ ನಗು ಬರಲಿಲ್ಲ. ಇದೇ ಪ್ರಶ್ನೆಯನ್ನು ಏಳು ವರ್ಷದ ಹಿಂದೆ ನಮ್ಮ ಮನೆಯಲ್ಲಿ ನನ್ನ ಅತ್ತೆ ಕೇಳಿದ್ದರು, ಏಕೆಂದರೆ ಆ ಸೂಜಿ ತಗೊಂಡವಳು ನಾನೇ.

ಬಿಎಸ್ಸಿ ಓದಿದವಳಾದರೂ ಅಂದು ನನಗೂ ಪೂರ್ತಿ ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಜತ್ತ ತಾಲೂಕಿನ ನಮ್ಮ ಕನ್ನಡ ಶಾಲೆಗಳಲ್ಲಿ ಇಂಥ ಪ್ರಶ್ನೆ ನಿಮಗೂ ಬಂದೇ ಬರುತ್ತದೆ. ಮಕ್ಕಳು ಕೇಳದಿದ್ದರೆ ತಾಯಂದಿರ ಸಭೆಯಲ್ಲಿ ಯಾರಾದರೂ ಕೇಳುತ್ತಾರೆ.

ಮೊದಲು ಹೆಸರಿನ ತಪ್ಪು ತಿದ್ದೋಣ. ಈ ಸೂಜಿಯಿಂದ ರಕ್ತ ತೆಳ್ಳಗಾಗುವುದಿಲ್ಲ. ಅದರ ಸ್ನಿಗ್ಧತೆ ಇದ್ದಷ್ಟೇ ಇರುತ್ತದೆ; ಕೆಂಪು ಕಣ, ಹಿಮೋಗ್ಲೋಬಿನ್, ಪ್ರೋಟೀನು ಯಾವುದರಲ್ಲೂ ನೀರು ಬೆರೆಯುವುದಿಲ್ಲ. ಬದಲಾಗುವುದು ಒಂದೇ, ರಕ್ತ ಹೆಪ್ಪುಗಟ್ಟುವ ವೇಗ. ನಮ್ಮ ಪಠ್ಯದಲ್ಲಿ ಹೆಪ್ಪುಗಟ್ಟುವಿಕೆಯನ್ನು ನಾಲ್ಕು ಸಾಲಿನಲ್ಲಿ ಮುಗಿಸುತ್ತೇವೆ: ಥ್ರಾಂಬಿನ್ ಎಂಬ ಕಿಣ್ವ ಕರಗಿರುವ ಫೈಬ್ರಿನೋಜನ್ನನ್ನು ಎಳೆಎಳೆಯಾದ ಫೈಬ್ರಿನ್ ಮಾಡುತ್ತದೆ, ಆ ಬಲೆಯಲ್ಲಿ ಕಣಗಳು ಸಿಕ್ಕಿಬೀಳುತ್ತವೆ. ಥ್ರಾಂಬಿನ್ ಹುಟ್ಟಬೇಕಾದರೆ ಅದಕ್ಕೂ ಮೊದಲು ಹತ್ತನೇ ಅಂಶ ಎಂಬ ಇನ್ನೊಂದು ಪ್ರೋಟೀನು ಎಚ್ಚರಗೊಳ್ಳಬೇಕು. ಒಂದು ಇನ್ನೊಂದನ್ನು ಎಬ್ಬಿಸುವ ಸರಪಳಿ ಇದು. ಸರಪಳಿ ಹುಚ್ಚು ಹಿಡಿದಂತೆ ಓಡದ ಹಾಗೆ ನಮ್ಮ ರಕ್ತದಲ್ಲೇ ಒಬ್ಬ ಕಾವಲುಗಾರ ಇದ್ದಾನೆ, ಅವನ ಹೆಸರು ಆಂಟಿಥ್ರಾಂಬಿನ್. ಸ್ವಭಾವತಃ ಅವನು ನಿಧಾನಿ. ಸೂಜಿಯಲ್ಲಿರುವ ಹೆಪಾರಿನ್ ಅವನಿಗೆ ಅಂಟಿಕೊಂಡರೆ ಅವನ ವೇಗ ಸಾವಿರ ಪಟ್ಟು ಹೆಚ್ಚುತ್ತದೆ. ಅಂದರೆ ಹೆಪಾರಿನ್ ತಾನಾಗಿ ಏನನ್ನೂ ಒಡೆಯುವುದಿಲ್ಲ. ಈಗಾಗಲೇ ಕಟ್ಟಿದ ಹೆಪ್ಪನ್ನು ಕರಗಿಸುವುದೂ ಇಲ್ಲ. ಹೊಸದು ಕಟ್ಟದಂತೆ, ಇದ್ದದ್ದು ಬೆಳೆಯದಂತೆ ತಡೆಯುತ್ತದೆ. ಹಳೆಯದನ್ನು ದೇಹ ತಾನೇ ನಿಧಾನಕ್ಕೆ ಕರಗಿಸಿಕೊಳ್ಳುತ್ತದೆ.

ಹಾಗಾದರೆ ಬಸುರಿನಲ್ಲಿ ಇದೇಕೆ ಬೇಕು? ಬಸುರಿಯ ರಕ್ತ ಉಳಿದವರಿಗಿಂತ ಬೇಗ ಹೆಪ್ಪುಗಟ್ಟುತ್ತದೆ, ಮತ್ತು ಅದು ರೋಗವಲ್ಲ. ದಿನ ತುಂಬಿದಾಗ ಗರ್ಭಕೋಶಕ್ಕೆ ಹರಿಯುವ ರಕ್ತ ನಿಮಿಷಕ್ಕೆ ಅರ್ಧ ಲೀಟರಿಗಿಂತ ಹೆಚ್ಚು. ಕೂಸು ಹುಟ್ಟಿ ಮಾಸು ಕಳಚಿಕೊಂಡ ಕ್ಷಣ ಅಷ್ಟೂ ನಳ ತೆರೆದಂತೆ. ಗರ್ಭಕೋಶದ ಸ್ನಾಯು ಬಿಗಿಯಾಗಿ ಹಿಂಡಿ ನಳ ಮುಚ್ಚುವುದು ಮೊದಲ ರಕ್ಷಣೆ, ಹೆಪ್ಪು ಎರಡನೆಯದು. ಅದಕ್ಕಾಗಿ ದೇಹ ತಿಂಗಳುಗಟ್ಟಲೆ ಮುಂಚೆಯೇ ತಯಾರಿ ನಡೆಸುತ್ತದೆ: ಫೈಬ್ರಿನೋಜನ್ ಮತ್ತು ಇತರ ಹೆಪ್ಪಿನ ಅಂಶಗಳು ಏರುತ್ತವೆ, ಹೆಪ್ಪನ್ನು ತಡೆಯುವ ಪ್ರೋಟೀನ್ ಎಸ್ ಇಳಿಯುತ್ತದೆ. ಇದರ ಜೊತೆಗೆ ಬೆಳೆದ ಗರ್ಭ ಹೊಟ್ಟೆಯೊಳಗಿನ ಅಭಿಧಮನಿಗಳನ್ನು ಒತ್ತುವುದರಿಂದ ಕಾಲಿನ ರಕ್ತ ಮೇಲೇರುವುದು ನಿಧಾನವಾಗುತ್ತದೆ. ನಿಂತ ನೀರಿನಲ್ಲಿ ಕೆನೆ ಕಟ್ಟಿದ ಹಾಗೆ. ಎಡಗಾಲಿನಲ್ಲೇ ಹೆಪ್ಪು ಹೆಚ್ಚು, ಏಕೆಂದರೆ ಎಡಗಾಲಿನಿಂದ ಬರುವ ಅಭಿಧಮನಿಯ ಮೇಲೆ ಬಲಗಾಲಿಗೆ ಹೋಗುವ ಅಪಧಮನಿ ಅಡ್ಡ ಹಾಯುತ್ತದೆ. ಮಾನವ ದೇಹದ ಚಿತ್ರ ತೆಗೆದು ಮಕ್ಕಳಿಗೆ ಇದನ್ನು ತೋರಿಸಿರಿ, ಚೆನ್ನಾಗಿ ನೆನಪಿಡುತ್ತಾರೆ.

ಹೀಗಿದ್ದೂ ಸಾವಿರ ಬಸುರಿಯರಲ್ಲಿ ಒಬ್ಬಿಬ್ಬರಿಗೆ ಮಾತ್ರ ಅಪಾಯಕಾರಿ ಹೆಪ್ಪು ಕಟ್ಟುತ್ತದೆ. ಅದೇ ವಯಸ್ಸಿನ ಉಳಿದ ಹೆಣ್ಣುಮಕ್ಕಳಿಗೆ ಹೋಲಿಸಿದರೆ ಇದು ನಾಲ್ಕೈದು ಪಟ್ಟು. ಎಲ್ಲಕ್ಕಿಂತ ಹೆಚ್ಚು ಅಪಾಯದ ಕಾಲ ಬಸುರಲ್ಲ, ಹೆರಿಗೆಯ ನಂತರದ ಆರು ವಾರ. ಇಲ್ಲಿ ನಮ್ಮ ಬಾಣಂತನದ ರೂಢಿಯ ಮಾತು ಬರುತ್ತದೆ. ಬಾಣಂತಿಗೆ ನೀರು ಕೊಟ್ಟರೆ ಶೀತ ಅಂತ ಅಳತೆ ಮಾಡಿ ಕೊಡುವುದು, ಹೊರಸಿನ ಕೆಳಗೆ ಕೆಂಡ ಇಡುವುದು, ಎದ್ದು ಓಡಾಡಬೇಡ ಅನ್ನುವುದು. ಹೊರಗೆ ನಲವತ್ತು ಡಿಗ್ರಿ ಬಿಸಿಲು, ಒಳಗೆ ಕೆಂಡ. ಹೆಪ್ಪುಗಟ್ಟಲು ತಯಾರಾಗಿರುವ ರಕ್ತದಿಂದ ನೀರನ್ನೂ ತೆಗೆದರೆ ಅದು ನಿಜವಾಗಿಯೂ ಮಂದವಾಗುತ್ತದೆ. ಮೆದುಳಿನ ಅಭಿಧಮನಿಯಲ್ಲಿ ಹೆಪ್ಪು ಕಟ್ಟಿದರೆ ತಡೆಯಲಾಗದ ತಲೆನೋವು, ವಾಂತಿ, ಫಿಟ್ಸ್, ಒಂದು ಕೈಕಾಲು ಬೀಳುವುದು ಕಾಣುತ್ತವೆ. ಊರಲ್ಲಿ ಇದನ್ನು ಬಾಣಂತಿ ಸನ್ನಿ, ಗಾಳಿ ಸೋಕಿದ್ದು ಅಂತ ಹೇಳಿ ಅಂತ್ರ ಕಟ್ಟಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಬಾಣಂತಿಯರ ಮೇಲೆ ಬಹಳ ಕೆಲಸ ನಡೆದಿದೆ. ಡಾ. ಡಿ. ನಾಗರಾಜ ಮತ್ತು ಸಂಗಡಿಗರು 57 ಬಾಣಂತಿಯರಲ್ಲಿ ಕೆಲವರಿಗೆ ಹೆಪಾರಿನ್ ಕೊಟ್ಟು, ಕೆಲವರಿಗೆ ಕೊಡದೆ ಹೋಲಿಸಿ ನೋಡಿದ ಅಧ್ಯಯನ 1995ರಲ್ಲಿ ಪ್ರಕಟವಾಯಿತು. ಹೆಪಾರಿನ್ ಪಡೆದವರೇ ಚೆನ್ನಾಗಿ ಚೇತರಿಸಿಕೊಂಡರು. ಮೆದುಳಿನ ಕಾಯಿಲೆಗೆ ರಕ್ತ ಹೆಪ್ಪುಗಟ್ಟದಂತೆ ಮಾಡುವ ಔಷಧಿ ಕೊಟ್ಟರೆ ಒಳಗೆ ರಕ್ತಸ್ರಾವ ಆದೀತು ಎಂಬ ಭಯ ಇದ್ದ ಕಾಲವದು.

ಸೂಜಿ ಯಾರಿಗೆ? ಎಲ್ಲ ಬಸುರಿಯರಿಗಂತೂ ಅಲ್ಲ. ಹಿಂದೆ ಒಮ್ಮೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ಹೆಪ್ಪು ಕಟ್ಟಿದವರಿಗೆ, ಈ ಬಸುರಿನಲ್ಲೇ ಕಟ್ಟಿದವರಿಗೆ, ಹೃದಯಕ್ಕೆ ಲೋಹದ ಕವಾಟ ಹಾಕಿಸಿಕೊಂಡವರಿಗೆ, ಮತ್ತು ಆಂಟಿಫಾಸ್ಫೋಲಿಪಿಡ್ ತೊಂದರೆ ಇದ್ದವರಿಗೆ. ಕೊನೆಯದು ನನ್ನದು. ಮೊದಲ ಬಸುರು ಹನ್ನೊಂದನೇ ವಾರಕ್ಕೆ ಹೋಯಿತು, ಎರಡನೆಯದು ಐದನೇ ತಿಂಗಳಿಗೆ. ಗುಡ್ಡಾಪುರಕ್ಕೆ ಹರಕೆ ಆಯಿತು, ಊಟದ ಪಥ್ಯ ಆಯಿತು, ಶಾಲೆಗೆ ಬಸ್ಸಿನಲ್ಲಿ ಓಡಾಡಿದ್ದೇ ಕಾರಣ ಅಂತ ಬೈಸಿಕೊಂಡದ್ದೂ ಆಯಿತು. ಮಿರಜದಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು, ನನ್ನ ದೇಹ ತನ್ನದೇ ಪ್ರೋಟೀನುಗಳ ವಿರುದ್ಧ ಪ್ರತಿಕಾಯ ತಯಾರಿಸುತ್ತಿತ್ತು. ಅವು ಜರಾಯುವಿಗೆ ಪೆಟ್ಟು ಕೊಡುತ್ತವೆ. ಈ ತೊಂದರೆಯನ್ನು 1983ರಲ್ಲಿ ಲಂಡನ್ನಿನ ವೈದ್ಯ ಗ್ರಹಾಂ ಹ್ಯೂಸ್ ವಿವರಿಸಿದರು. ಒಂದು ಪರೀಕ್ಷೆಯಿಂದ ನಿರ್ಧಾರ ಮಾಡುವುದಿಲ್ಲ, ಹನ್ನೆರಡು ವಾರ ಬಿಟ್ಟು ಮತ್ತೊಮ್ಮೆ ಮಾಡಿ ಆಗಲೂ ಬಂದರೆ ಮಾತ್ರ ಹೌದು ಅನ್ನುತ್ತಾರೆ. ಆ ಹನ್ನೆರಡು ವಾರ ಕಾಯುವುದು ಸುಲಭವಾಗಿರಲಿಲ್ಲ.

ಆ ಪರೀಕ್ಷೆಗಳಲ್ಲಿ ಒಂದರ ವಿಷಯ ಕೇಳಿದರೆ ನಿಮಗೆ ಖುಷಿಯಾಗುತ್ತದೆ. ಅದರಲ್ಲಿ ಬಳಸುವುದು ಕೊಳಕುಮಂಡಲದ ವಿಷ, ನಮ್ಮವರು ಘೋಣಸ ಅನ್ನುವ ಹಾವಿನದು! ಈ ವಿಷ ಹತ್ತನೇ ಅಂಶವನ್ನು ನೇರವಾಗಿ ಎಬ್ಬಿಸುತ್ತದೆ. ಹಾವು ಕಚ್ಚಿದಾಗ ಮೈತುಂಬ ಹೆಪ್ಪಿನ ಸರಪಳಿ ಓಡಿ ಅಂಶಗಳೆಲ್ಲ ಖರ್ಚಾಗಿಬಿಡುತ್ತವೆ, ಆದ್ದರಿಂದಲೇ ಆಮೇಲೆ ರಕ್ತ ಹೆಪ್ಪುಗಟ್ಟುವುದೇ ಇಲ್ಲ. ಸ್ವಚ್ಛ ಗಾಜಿನ ನಳಿಕೆಯಲ್ಲಿ ಎರಡು ಮಿಲಿ ರಕ್ತ ಹಾಕಿ ಇಪ್ಪತ್ತು ನಿಮಿಷ ಅಲುಗಾಡಿಸದೆ ಇಟ್ಟು ನೋಡುವ ಪರೀಕ್ಷೆ ಇದಕ್ಕೇ. ಪ್ರಯೋಗಾಲಯದಲ್ಲಿ ಮಾತ್ರ ತೀರಾ ದುರ್ಬಲಗೊಳಿಸಿದ ವಿಷವನ್ನು ರೋಗಿಯ ಪ್ಲಾಸ್ಮಾಕ್ಕೆ ಸೇರಿಸುತ್ತಾರೆ. ವಿಷ ಕೆಲಸ ಮಾಡಲು ಫಾಸ್ಫೋಲಿಪಿಡ್ ಬೇಕು. ನನ್ನಂಥವರ ಪ್ರತಿಕಾಯಗಳು ಅದನ್ನು ಆಕ್ರಮಿಸಿಕೊಂಡಿರುವುದರಿಂದ ಹೆಪ್ಪು ತಡವಾಗಿ ಕಟ್ಟುತ್ತದೆ. ನಳಿಕೆಯಲ್ಲಿ ತಡ, ಮೈಯೊಳಗೆ ಅವಸರ. ಈ ವಿರೋಧಾಭಾಸ ನನಗೆ ಅರ್ಥವಾಗಲು ಎರಡು ದಿನ ಹಿಡಿಯಿತು.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಗರ್ಭಪಾತವಾದವರಿಗೆಲ್ಲ ಈ ಸೂಜಿ ಉಪಯೋಗವಿಲ್ಲ. ಹುಟ್ಟಿನಿಂದಲೇ ಹೆಪ್ಪಿನ ಪ್ರವೃತ್ತಿ ಇದ್ದು ಮತ್ತೆ ಮತ್ತೆ ಗರ್ಭ ಕಳಕೊಂಡ 326 ಹೆಣ್ಣುಮಕ್ಕಳ ಮೇಲೆ ನಡೆದ ಎಲೈಫ್-2 ಎಂಬ ಅಧ್ಯಯನ 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಸೂಜಿ ಪಡೆದವರಿಗೂ ಪಡೆಯದವರಿಗೂ ಮಗು ಉಳಿದ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಒಂದು ಸೂಜಿಗೆ ನೂರಾರು ರೂಪಾಯಿ, ದಿನಕ್ಕೊಂದರಂತೆ ಎಂಟು ತಿಂಗಳು. ಕಬ್ಬು ಕಡಿಯಲು ಹೋಗುವ ಮನೆಗೆ ಇದು ವರ್ಷದ ದುಡಿಮೆ. ಆದ್ದರಿಂದ “ಯಾವ ಪರೀಕ್ಷೆ ನೋಡಿ ಬರೆದಿರಿ?” ಅಂತ ಕೇಳುವುದು ಉದ್ಧಟತನವಲ್ಲ. ಎನಾಕ್ಸಪಾರಿನ್ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ, ಬೆಲೆಗೆ ಸರಕಾರದ ಮೇಲ್ಮಿತಿ ಇದೆ. ಎರಡು ಮೂರು ಕಂಪನಿಯ ದರ ಕೇಳಿಯೇ ತಗೊಳ್ಳಿರಿ.

ಗುಳಿಗೆ ಯಾಕಿಲ್ಲ ಅಂತ ನಿಮ್ಮ ವಿದ್ಯಾರ್ಥಿ ಕೇಳಬಹುದು. ಗುಳಿಗೆ ಇದೆ, ವಾರ್ಫರಿನ್. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕೆಟ್ಟ ಮೇವು ತಿಂದ ದನಗಳು ರಕ್ತ ಸೋರಿ ಸಾಯುತ್ತಿದ್ದವು. 1933ರಲ್ಲಿ ಒಬ್ಬ ರೈತ ಹಿಮಗಾಳಿಯಲ್ಲಿ ಒಂದು ಕ್ಯಾನು ತುಂಬ ಹೆಪ್ಪುಗಟ್ಟದ ರಕ್ತ ತಂದು ವಿಶ್ವವಿದ್ಯಾಲಯದ ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಾಲಯದಲ್ಲಿ ಇಟ್ಟ. ಆ ಹುಡುಕಾಟದಿಂದ ವಾರ್ಫರಿನ್ ಬಂತು. ಮೊದಲು ಇಲಿ ಪಾಷಾಣವಾಗಿ, ಆಮೇಲೆ ಮನುಷ್ಯರ ಔಷಧಿಯಾಗಿ. ಅದರ ಅಣುತೂಕ 308. ಇಷ್ಟು ಚಿಕ್ಕ ಅಣು ಜರಾಯುವನ್ನು ಸಲೀಸಾಗಿ ದಾಟಿ ಕೂಸಿನ ರಕ್ತ ಸೇರುತ್ತದೆ. 6ರಿಂದ 12ನೇ ವಾರದೊಳಗೆ ಕೂಸಿನ ಮೂಗು, ಎಲುಬಿನ ಬೆಳವಣಿಗೆಗೆ ಪೆಟ್ಟು ಬೀಳಬಹುದು. ಎನಾಕ್ಸಪಾರಿನ್ನಿನ ಸರಾಸರಿ ಅಣುತೂಕ ಸುಮಾರು 4500, ಮೇಲಾಗಿ ಮೈತುಂಬ ಋಣ ಆವೇಶ. ಅದು ಜರಾಯು ದಾಟುವುದಿಲ್ಲ. ವೈನಿಗೆ ಹಾಕುವ ಸೂಜಿ ಕೂಸಿಗೆ ತಲುಪುವುದೇ ಇಲ್ಲ ಅಂತ ಆ ಹುಡುಗಿಗೆ ಹೇಳಿದೆ. ಅದೇ ದೊಡ್ಡ ಗಾತ್ರದಿಂದಾಗಿ ಕರುಳಿನಿಂದಲೂ ಅದು ಒಳಗೆ ಹೋಗದು, ಹಾಗಾಗಿ ಗುಳಿಗೆ ಮಾಡಲು ಬಾರದು.

ಲೋಹದ ಕವಾಟ ಇದ್ದವರ ಕಷ್ಟ ಬೇರೆ. ಕವಾಟ ಕಾಯುವುದರಲ್ಲಿ ವಾರ್ಫರಿನ್ನೇ ಮೇಲು, ಕೂಸಿಗೆ ಹೆಪಾರಿನ್ನೇ ಮೇಲು. ವೈದ್ಯರು ತಿಂಗಳು ನೋಡಿ ಬದಲಾಯಿಸುತ್ತಾ ಹೋಗಬೇಕಾಗುತ್ತದೆ. ನಮ್ಮಲ್ಲಿ ಎಳೆವಯಸ್ಸಿನ ಹೆಣ್ಣುಮಕ್ಕಳ ಕವಾಟ ಕೆಡುವುದಕ್ಕೆ ಮುಖ್ಯ ಕಾರಣ ಸಂಧಿವಾತ ಜ್ವರ. ಅದು ಶುರುವಾಗುವುದು ಐದರಿಂದ ಹದಿನೈದು ವರ್ಷದೊಳಗೆ, ಸ್ಟ್ರೆಪ್ಟೊಕಾಕಸ್ಸಿನ ಗಂಟಲುನೋವಿನಿಂದ. ಅಂದರೆ ನಮ್ಮ ಕಣ್ಣೆದುರಿನ ಬೆಂಚಿನಲ್ಲಿ. ಗಂಟಲುನೋವು ಬಂದು ಎರಡು ಮೂರು ವಾರಕ್ಕೆ ಒಂದಾದ ಮೇಲೊಂದು ಕೀಲು ಬಾತು ಜ್ವರ ಬಂದ ಮಗುವನ್ನು ದವಾಖಾನಿಗೆ ಕಳಿಸಿರಿ. ಮೂರು ನಾಲ್ಕು ವಾರಕ್ಕೊಂದು ಪೆನಿಸಿಲಿನ್ ಸೂಜಿ ಆ ಕವಾಟವನ್ನು ಕಾಯುತ್ತದೆ.

ಹೆಪಾರಿನ್ ಸಿಕ್ಕಿದ್ದೂ ಉಲ್ಟಾ ದಾರಿಯಲ್ಲೇ. 1916ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಜೇ ಮೆಕ್ಲೀನ್ ಎಂಬ ವೈದ್ಯಕೀಯ ವಿದ್ಯಾರ್ಥಿ ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತು ಹುಡುಕುತ್ತಿದ್ದ. ನಾಯಿಯ ಯಕೃತ್ತಿನಿಂದ ತೆಗೆದದ್ದು ಹೆಪ್ಪುಗಟ್ಟುವುದನ್ನೇ ತಡೆಯಿತು. ಯಕೃತ್ತಿಗೆ ಗ್ರೀಕಿನಲ್ಲಿ ಹೆಪಾರ್, ಅದರಿಂದ ಆ ಹೆಸರು. (ನಮ್ಮ ‘ಹೆಪ್ಪು’ವಿಗೂ ಅದಕ್ಕೂ ಸಂಬಂಧವಿಲ್ಲ, ನಾನು ಬಹಳ ದಿನ ಇದೆ ಅಂದುಕೊಂಡಿದ್ದೆ.) ಈಗ ಅದನ್ನು ತೆಗೆಯುವುದು ಹೆಚ್ಚಾಗಿ ಹಂದಿಯ ಕರುಳಿನ ಒಳಪದರದಿಂದ. ನಮ್ಮದು ಶಾಕಾಹಾರಿ ಮನೆ. ಈ ವಿಷಯ ಮುಚ್ಚಿಡಬಾರದು ಅಂತ ನಾನೇ ಅತ್ತೆಗೆ ಹೇಳಿದೆ. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ತಾವೇ ಹತ್ತಿ ತಂದು, “ಕೂಸು ಉಳದ್ರ ಸಾಕವ್ವ, ಹಾಕ್ಕೊ” ಅಂದರು. ಒಪ್ಪಲಾಗದವರು ವೈದ್ಯರಿಗೆ ಬಾಯಿಬಿಟ್ಟು ಹೇಳಲಿ. ಫಾಂಡಾಪಾರಿನಕ್ಸ್ ಎಂಬ ಕೃತಕವಾಗಿ ತಯಾರಾದ ಔಷಧಿಯೂ ಉಂಟು. ಅದು ಸರಿಹೋಗುತ್ತದೋ ಇಲ್ಲವೋ ಅವರು ನೋಡುತ್ತಾರೆ. ಯಾರಿಗೂ ಹೇಳದೆ ನಡುವೆ ನಿಲ್ಲಿಸುವುದು ಮಾತ್ರ ಬೇಡ.

ಹಾಕಿಕೊಳ್ಳುವ ಬಗೆ ಕಲಿತರೆ ಕಷ್ಟವಿಲ್ಲ. ಹೊಕ್ಕುಳಿನಿಂದ ಎರಡು ಇಂಚು ದೂರ, ಪಕ್ಕದ ಕೊಬ್ಬನ್ನು ಚಿಮಟಿ ಹಿಡಿದು ಸೂಜಿ ನೆಟ್ಟಗೆ ಇಳಿಸಬೇಕು. ಒಂದು ದಿನ ಎಡ, ಒಂದು ದಿನ ಬಲ. ಔಷಧಿ ಚರ್ಮದ ಕೆಳಗಿನ ಕೊಬ್ಬಿನಲ್ಲೇ ಉಳಿಯುತ್ತದೆ. ಕೂಸಿನ ಮುಂದೆ ಸ್ನಾಯು ಇದೆ, ಗರ್ಭಕೋಶದ ಗೋಡೆ ಇದೆ, ನೀರಿನ ಚೀಲ ಇದೆ. ತುಂಬಿಸಿಯೇ ಬರುವ ಸಿರಿಂಜಿನೊಳಗಿನ ಗಾಳಿಗುಳ್ಳೆ ಹೊರಗೆ ತಳ್ಳಬಾರದು, ತಳ್ಳಿದರೆ ಔಷಧಿಯೂ ಚೆಲ್ಲುತ್ತದೆ. ಆಮೇಲೆ ತಿಕ್ಕಬಾರದು, ತಿಕ್ಕಿದಲ್ಲಿ ನೀಲಿ ಬೀಳುತ್ತದೆ. ತಿಕ್ಕದಿದ್ದರೂ ಸ್ವಲ್ಪ ಬೀಳುತ್ತದೆ, ನನ್ನ ಹೊಟ್ಟೆ ಭೂಪಟದಂತಾಗಿತ್ತು. ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ನೋವಿನ ಗುಳಿಗೆ ಕೇಳದೆ ನುಂಗಬಾರದು. ನನಗೆ ಇದರ ಜೊತೆ ಸಣ್ಣ ಪ್ರಮಾಣದ ಆಸ್ಪಿರಿನ್ ಕೊಟ್ಟಿದ್ದರು, ಅದು ವೈದ್ಯರು ಲೆಕ್ಕ ಹಾಕಿ ಕೊಟ್ಟದ್ದು. ಪೆಟ್ಟಿಗೆಯ ಮೇಲೆ 25 ಡಿಗ್ರಿ ಮೀರಬಾರದು, ಹೆಪ್ಪುಗಟ್ಟಿಸಬಾರದು ಅಂತ ಇರುತ್ತದೆ. ಏಪ್ರಿಲಿನಲ್ಲಿ ನಮ್ಮೂರಲ್ಲಿ 25 ಡಿಗ್ರಿ ಎಲ್ಲಿಂದ ತರುವುದು? ಅಂಗಡಿಯಿಂದ ವಾರಕ್ಕಾಗುವಷ್ಟೇ ತಂದು, ಒಳಕೋಣೆಯಲ್ಲಿ ನೀರಿನ ಗಡಿಗೆಯ ಪಕ್ಕ ಡಬ್ಬಿಯಲ್ಲಿ ಇಡುತ್ತಿದ್ದೆವು.

ಹೆರಿಗೆಯ ಸಮಯ ಮುಖ್ಯ. ಬೆನ್ನಿಗೆ ಅರಿವಳಿಕೆ ಕೊಡಬೇಕಾದರೆ ಕಡಿಮೆ ಪ್ರಮಾಣದ ಸೂಜಿಯಾಗಿ ಹನ್ನೆರಡು ತಾಸು, ಹೆಚ್ಚಿನ ಪ್ರಮಾಣದ್ದಾದರೆ ಇಪ್ಪತ್ನಾಲ್ಕು ತಾಸು ಕಳೆದಿರಬೇಕು. ನೋವು ಶುರುವಾದರೆ ಮುಂದಿನ ಸೂಜಿ ಹಾಕಿಕೊಳ್ಳದೆ ಹೊರಡಬೇಕು, ಕೊನೆಯದು ಎಷ್ಟು ಗಂಟೆಗೆ ಹಾಕಿದ್ದು ಅಂತ ಹೋದ ಕೂಡಲೇ ಹೇಳಬೇಕು. ಉಮದಿ, ಸಂಖದ ಕಡೆಯವರಿಗೆ ದೊಡ್ಡ ದವಾಖಾನೆ ವಿಜಯಪುರವೋ ಮಿರಜವೋ ಆಗಿರುವುದರಿಂದ ಗಾಡಿ ಯಾವುದು, ಎಲ್ಲಿಗೆ ಹೋಗುವುದು ಎಂಬುದು ಎಂಟನೇ ತಿಂಗಳಲ್ಲೇ ನಿಶ್ಚಯವಾಗಿರಲಿ. ಅಕಸ್ಮಾತ್ ರಕ್ತ ನಿಲ್ಲದಿದ್ದರೆ ಪ್ರೋಟಮಿನ್ ಎಂಬ ಪ್ರತಿವಿಷವಿದೆ, ಎನಾಕ್ಸಪಾರಿನ್ ಮೇಲೆ ಅದು ಅರೆಬರೆ ಕೆಲಸ ಮಾಡುತ್ತದೆ. ಹೆರಿಗೆ ಆದ ಮೇಲೆ ಹೆಚ್ಚಿನವರಿಗೆ ಮತ್ತೆ ಆರು ವಾರ ಸೂಜಿ ಇರುತ್ತದೆ. ಎದೆಹಾಲು ಕುಡಿಸಬಹುದು, ಹಾಲಿನಲ್ಲಿ ತುಸು ಬಂದರೂ ಕೂಸಿನ ಕರುಳು ಅದನ್ನು ಹೀರಿಕೊಳ್ಳದು.

ಆ ಹುಡುಗಿ ಮರುದಿನ ಮತ್ತೆ ಬಂದಳು, ವೈನಿ ಕೇಳಿ ಕಳಿಸಿದ್ದಳಂತೆ: ಒಂದೇ ಕಾಲು ಬಾತು, ಮೀನಖಂಡ ನೋಯುತ್ತದೆ, ಇದು ಸೂಜಿಯಿಂದಲೇ? ಎರಡೂ ಕಾಲು ಸಂಜೆ ಬಾಯುವುದು ಬೇರೆ, ಒಂದೇ ಕಾಲು ಬಾಯುವುದು ಬೇರೆ, ಇವತ್ತೇ ತೋರಿಸಿರಿ, ಉಸಿರು ಸಿಕ್ಕಿಕೊಂಡರೆ ಅರ್ಧ ತಾಸೂ ಕಾಯಬೇಡಿರಿ ಅಂತ ಚೀಟಿ ಬರೆದು ಕೊಟ್ಟು, ಮಧ್ಯಾಹ್ನ ಅವಳಣ್ಣನಿಗೆ ಫೋನೂ ಮಾಡಿದೆ. ಅವತ್ತೇ ಸ್ಕ್ಯಾನ್ ಮಾಡಿಸಿದರು. ಹೆಪ್ಪು ಇರಲಿಲ್ಲ. ಬಳಸಿದ ಸಿರಿಂಜುಗಳನ್ನು ತಿಪ್ಪೆಗೆ ಎಸೆಯುತ್ತಿದ್ದರಂತೆ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ ಆಶಾ ತಾಯಿಯ ಕೈಗೆ ಕೊಡುವಂತೆ ಅದನ್ನೂ ಹೇಳಿದ್ದೇನೆ.