ನಾಲ್ಕನೇ ಸಿಲಿಂಡರ್‌ಗೆ ಅತ್ತವರು

2024ರ ಮೇ 9ರಂದು ನಾಲ್ಕನೇ ತಲೆಮಾರಿನ ಮಾರುತಿ ಸುಜುಕಿ ಸ್ವಿಫ್ಟ್ ನಮ್ಮ ದೇಶದ ಮಾರುಕಟ್ಟೆಗೆ ಬಂತು. ಬೆಲೆ 6.49 ಲಕ್ಷ ರೂಪಾಯಿಯಿಂದ ಶುರು, ಅತಿ ಅಗ್ಗದ ಮಾದರಿಗೂ ಆರು ಏರ್‌ಬ್ಯಾಗ್, ಲೀಟರಿಗೆ 24.8 ಕಿ.ಮೀ. ಮೈಲೇಜ್. ಕಾರು ಕೊಳ್ಳಲು ಹೊರಟವರಿಗೆ ಇವೆಲ್ಲ ಸಿಹಿಸುದ್ದಿ. ಕಾರಿನ ಹುಚ್ಚು ಹಿಡಿದವರಿಗೆ ಮಾತ್ರ ಅದು ಸೂತಕದ ದಿನ. ಬಾನೆಟ್ಟಿನ ಕೆಳಗೆ ನಾಲ್ಕು ಸಿಲಿಂಡರ್ ಇದ್ದ ಜಾಗದಲ್ಲಿ ಈಗ ಮೂರೇ ಇದ್ದವು.

ಪುಣೆಯಲ್ಲಿ ನಮ್ಮದೊಂದು ಸಣ್ಣ ಕನ್ನಡ ಬಳಗವಿದೆ. ಹಿಂಜವಡಿಯ ಐಟಿ ಕಂಪನಿಗಳವರು, ಚಿಂಚವಾಡದ ಕಾರ್ಖಾನೆಯವರು, ಒಟ್ಟು ಎಂಟು ಮಂದಿ. ತಿಂಗಳಿಗೊಂದು ಭಾನುವಾರ ನಸುಕಿಗೇ ಎದ್ದು ಮುಳಶಿ ರಸ್ತೆಯಲ್ಲಿ ತಾಮ್ಹಿಣಿ ಘಾಟಿನವರೆಗೆ ಹೋಗಿ, ಬರುವಾಗ ಪೌಡ್‌ನಲ್ಲಿ ಮಿಸಳ್ ತಿನ್ನುವುದು ನಮ್ಮ ಏಕೈಕ ಕಾರ್ಯಕ್ರಮ. ಆ ಮೇ ತಿಂಗಳಿನಲ್ಲಿ ಮಿಸಳ್ ಆರಿಹೋಯಿತೇ ಹೊರತು ಚರ್ಚೆ ಆರಲಿಲ್ಲ.

“ಏನ್ಪಾ ಇದು, ಸ್ವಿಫ್ಟ್ ಹೋಗಿ ಆಟೋರಿಕ್ಷಾ ಆತಲ್ಲ!” ಎಂದರು ಧಾರವಾಡ ಕಡೆಯ ಹಿರಿಯರು. “ಮಾರಿ ಏನೋ ಚೆಂದ ಅದ. ಆದ್ರ ಉಸರೇ ಇಲ್ಲ.”

ಅವರ ಸಿಟ್ಟಿಗೆ ಕಾರಣವಿತ್ತು. ಹಳೆಯ ಎಂಜಿನ್ನಿನ ಶಕ್ತಿ 89.73 ಪಿಎಸ್, ಹೊಸದರದ್ದು 81.58. ಎಂಟು ಕುದುರೆ ಲಾಯ ಬಿಟ್ಟು ಹೋದ ಲೆಕ್ಕ. ಸ್ಪೋರ್ಟಿ ಎಂದು ಹೆಸರಾದ ಗಾಡಿ ಹೊಸ ರೂಪದಲ್ಲಿ ಬರುವಾಗ ಶಕ್ತಿ ಕಡಿಮೆಯಾಗುವುದೆಂದರೆ ಅಭಿಮಾನಿಗಳು ಹೇಗೆ ಸುಮ್ಮನಿದ್ದಾರು?

ಆದರೆ ಸ್ವಿಫ್ಟ್ ಅಭಿಮಾನಿಗಳಿಗೆ ಇದು ಮೊದಲ ಶೋಕವಲ್ಲ. 2005ರ ಮೇ ತಿಂಗಳಲ್ಲಿ ಮೊದಲ ಸ್ವಿಫ್ಟ್ ಬಂದಾಗ ಅದರೊಳಗಿದ್ದುದು ಎಸ್ಟೀಮ್‌ನಿಂದ ಬಂದ 1.3 ಲೀಟರ್ ಪೆಟ್ರೋಲ್ ಎಂಜಿನ್. ಅದರ ಚುರುಕಿಗೆ ಮಾರುಹೋದವರು 2010ರಲ್ಲಿ 1.2 ಲೀಟರಿನ ಎಂಜಿನ್ ಬಂದಾಗ ‘ಹಳೇ ಮಜಾ ಹೋಯಿತು’ ಎಂದರು. 2020ರ ಏಪ್ರಿಲ್‌ನಲ್ಲಿ ಬಿಎಸ್–6 ನಿಯಮ ಜಾರಿಯಾಗುವ ಹೊತ್ತಿಗೆ 1.3 ಲೀಟರ್ ಡೀಸೆಲ್ ಎಂಜಿನ್ ನಿಂತುಹೋಯಿತು. ಆಗ ಅತ್ತವರಲ್ಲಿ ನಾನೂ ಒಬ್ಬ. ನನ್ನ 2013ರ ಸ್ವಿಫ್ಟ್‌ನಲ್ಲಿ ಇರುವುದು ಅದೇ ಎಂಜಿನ್, 190 ನ್ಯೂಟನ್ ಮೀಟರ್ ಟಾರ್ಕ್. ಮೂರನೆಯದು 2024ರ ಶೋಕ.

ಪ್ರತಿ ಬಾರಿಯೂ ಬೈಗುಳ ಹೋದದ್ದು ಕಂಪನಿಯ ಎಂಜಿನಿಯರ್‌ಗಳಿಗೆ. ಅದು ಸರಿಯಾದ ವಿಳಾಸವೇ ಎಂಬುದು ನನ್ನ ಪ್ರಶ್ನೆ.

ಮೊದಲು ಆ ಮೂರು ಸಿಲಿಂಡರಿನ ವಿಚಾರ. ನಮ್ಮಜ್ಜಿಯ ಕಾಲದಲ್ಲಿ ಒಂದೇ ಒರಳಿಗೆ ನಾಲ್ವರು ಸರದಿಯಲ್ಲಿ ಒನಕೆ ಹಾಕಿ ಭತ್ತ ಕುಟ್ಟುತ್ತಿದ್ದರು. ನಾಲ್ವರಲ್ಲಿ ಒಬ್ಬರು ಎದ್ದುಹೋದರೆ ಉಳಿದ ಮೂವರು ಅಷ್ಟೇ ಭತ್ತ ಕುಟ್ಟಬೇಕು. ಆಗ ಏಟಿಗೂ ಏಟಿಗೂ ನಡುವೆ ಅಂತರ ಹೆಚ್ಚು, ಒಂದೊಂದು ಏಟೂ ಜೋರು. ಎಂಜಿನ್ ಕಥೆಯೂ ಇದೇ. ನಾಲ್ಕು ಸಿಲಿಂಡರ್ ಇದ್ದಾಗ ಕ್ರ್ಯಾಂಕ್ ಅರ್ಧ ಸುತ್ತು ತಿರುಗುವಷ್ಟರಲ್ಲಿ, ಅಂದರೆ 180 ಡಿಗ್ರಿಗೊಮ್ಮೆ, ಒಂದು ಸ್ಫೋಟ. ಮೂರು ಇದ್ದಾಗ 240 ಡಿಗ್ರಿಗೊಮ್ಮೆ. ಜೊತೆಗೆ ಮೂರು ಪಿಸ್ಟನ್‌ಗಳ ಓಡಾಟಕ್ಕೆ ಎಂಜಿನ್ ತಲೆಯಿಂದ ಬುಡದವರೆಗೆ ತೊಟ್ಟಿಲಿನಂತೆ ತೂಗಲು ನೋಡುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಸೀಟಿನಲ್ಲಿ ಸಣ್ಣ ಅದಿರು ಕಾಣಿಸುತ್ತದೆಂದು ಓಡಿಸಿದವರು ಹೇಳುವುದು ಸುಳ್ಳಲ್ಲ.

ಹಾಗಾದರೆ ಲಾಭವೇನು? ಒಂದು ಪಿಸ್ಟನ್, ಅದರ ರಿಂಗ್‌ಗಳು, ಬೇರಿಂಗ್ ಕಡಿಮೆಯಾದರೆ ಅಷ್ಟರ ಮಟ್ಟಿಗೆ ಉಜ್ಜಾಟ ಕಡಿಮೆ. 1197 ಸಿಸಿಯನ್ನು ಮೂರರಿಂದ ಭಾಗಿಸಿದರೆ ಸಿಲಿಂಡರೊಂದಕ್ಕೆ ಸುಮಾರು 400 ಸಿಸಿ, ನಾಲ್ಕರಿಂದ ಭಾಗಿಸಿದರೆ 300. ದೊಡ್ಡ ಪಾತ್ರೆಯ ನೀರು ನಿಧಾನವಾಗಿ ಆರುವಂತೆ ದೊಡ್ಡ ಸಿಲಿಂಡರ್ ಗೋಡೆಗಳ ಮೂಲಕ ಕಡಿಮೆ ಶಾಖ ಕಳೆದುಕೊಳ್ಳುತ್ತದೆ. ಈ ಉಳಿತಾಯವೇ ಮೈಲೇಜ್. ಟಾರ್ಕ್ ಹೆಚ್ಚೇನೂ ಕರಗಿಲ್ಲ. ಹಿಂದೆ 113 ಇದ್ದದ್ದು ಈಗ 111.7 ನ್ಯೂಟನ್ ಮೀಟರ್. ದಿನನಿತ್ಯದ ಓಡಾಟದಲ್ಲಿ ನಾವು ಪಿಕಪ್ ಎಂದು ಕರೆಯುವುದು ಬಹುಪಾಲು ಇದನ್ನೇ. ಕಳೆದುಹೋದ ಎಂಟು ಪಿಎಸ್ ಗೊತ್ತಾಗಬೇಕಾದರೆ ಎಂಜಿನ್ನನ್ನು 5,000 ಆರ್‌ಪಿಎಂ ದಾಟಿಸಿ ಕಿರುಚಿಸಬೇಕು. ಅಭಿಮಾನಿ ಅದನ್ನು ಮಾಡುತ್ತಾನೆ, ಆದ್ದರಿಂದ ಅವನ ದುಃಖ ನಿಜವಾದದ್ದೇ. ಆದರೆ ವಾಕಡ್ ಸೇತುವೆಯ ಮೇಲೆ ಸಂಜೆ ಏಳಕ್ಕೆ ಸೆಕೆಂಡ್ ಗೇರ್ ಹಾಕುವ ಯೋಗವೂ ಇಲ್ಲದವನಿಗೆ ಅದು ಗೊತ್ತೇ ಆಗುವುದಿಲ್ಲ.

ಇನ್ನು ಈ ಬದಲಾವಣೆ ಯಾಕೆ ಬೇಕಾಯಿತು ಎಂಬುದು. 2006–07ರ ಕೇಂದ್ರ ಬಜೆಟ್‌ನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು 24ರಿಂದ 16 ಶೇಕಡಾಕ್ಕೆ ಇಳಿಸಲಾಯಿತು. ಷರತ್ತು ಇಷ್ಟೇ: ಉದ್ದ ನಾಲ್ಕು ಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1200 ಸಿಸಿ ಮೀರಬಾರದು. ನಮ್ಮ ಪ್ರೀತಿಯ 1.3 ಲೀಟರ್ ಈ ಗೆರೆಯ ಆಚೆ ಉಳಿಯಿತು, 1197 ಸಿಸಿಯ ಎಂಜಿನ್ ಗೆರೆಯ ಒಳಗೆ ಬಂತು. 2025ರ ಸೆಪ್ಟೆಂಬರ್ 22ರಿಂದ ಜಾರಿಯಾದ 18 ಶೇಕಡಾ ಜಿಎಸ್‌ಟಿಗೂ ಇದೇ ಗೆರೆ. ಜಪಾನ್‌ನಲ್ಲಿ ಮಾರಾಟವಾದ ಸ್ವಿಫ್ಟ್ ಸ್ಪೋರ್ಟ್‌ನಲ್ಲಿ 1.4 ಲೀಟರ್ ಟರ್ಬೊ ಎಂಜಿನ್ನಿತ್ತು, 140 ಪಿಎಸ್ ಶಕ್ತಿ, ಒಂದು ಟನ್ನಿಗಿಂತ ಕಡಿಮೆ ತೂಕ. ‘ಅದನ್ನು ಇಲ್ಲಿಗೆ ಯಾಕೆ ತರಲಿಲ್ಲ’ ಎಂದು ವರ್ಷಗಟ್ಟಲೆ ಕೇಳಿದ ನಾವು ಈ 1200 ಸಿಸಿಯ ಗೆರೆಯನ್ನು ಅಷ್ಟಾಗಿ ನೋಡಲಿಲ್ಲ.

ಎರಡನೆಯ ಕಾರಣ ಹೊಗೆಯ ಲೆಕ್ಕ. ಒಂದು ಕಂಪನಿ ಮಾರುವ ಎಲ್ಲ ಕಾರುಗಳ ಇಂಗಾಲದ ಡೈಆಕ್ಸೈಡ್ ಸರಾಸರಿ ಮಿತಿಯೊಳಗಿರಬೇಕು ಎಂಬ ನಿಯಮ ನಮ್ಮಲ್ಲಿದೆ. ಕಾರುಗಳ ಸರಾಸರಿ ತೂಕ ನೋಡಿ ಸ್ವಲ್ಪ ಹೆಚ್ಚುಕಡಿಮೆಯಾಗುವ ಈ ಮಿತಿ 2022ರಿಂದ ಕಿಲೋಮೀಟರಿಗೆ 113 ಗ್ರಾಂ ಆಸುಪಾಸಿನಲ್ಲಿದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಡೈಆಕ್ಸೈಡ್ ಹೊರಬರುತ್ತದೆ. 22.38 ಕಿ.ಮೀ. ಕೊಡುತ್ತಿದ್ದ ಹಳೆಯ ಸ್ವಿಫ್ಟ್‌ಗೆ ಇದು ಕಿಲೋಮೀಟರಿಗೆ ಸುಮಾರು 103 ಗ್ರಾಂ, ಹೊಸದಕ್ಕೆ 93. ಹಳೆಯದೂ ಮಿತಿಯೊಳಗೇ ಇತ್ತಲ್ಲ, ಮತ್ತೆ ಯಾಕೆ ಎಂದರೆ ‘ಸರಾಸರಿ’ ಎಂಬ ಪದ ನೋಡಬೇಕು. ಮಿತಿ ದಾಟುವ ದೊಡ್ಡ ಗಾಡಿಗಳ ಪಾಲನ್ನು ಸಣ್ಣ ಗಾಡಿಗಳೇ ತುಂಬಬೇಕು. ಮನೆಯಲ್ಲಿ ಅಣ್ಣ ದುಂದುಗಾರನಾದರೆ ತಮ್ಮ ಹೊಟ್ಟೆ ಕಟ್ಟುವಂತೆ.

ಆಕಾರದ ಬಗ್ಗೆಯೂ ಮಾತು ಕಡಿಮೆಯೇನಿರಲಿಲ್ಲ. ಸ್ವಿಫ್ಟ್‌ನ ಗುರುತೆಂದರೆ ಕಂಬಗಳಿಗೆ ಕಪ್ಪು ಬಳಿದು ತೇಲುವಂತೆ ಕಾಣುವ ಛಾವಣಿ ಮತ್ತು ಉಬ್ಬಿದ ಹಿಂಭುಜ. ಅದನ್ನು ಉಳಿಸಿಕೊಂಡು ಈ ಬಾರಿ ಬಾನೆಟ್ಟನ್ನು ಚಿಪ್ಪಿನಂತೆ ಮುಂದಿನ ಚಕ್ರಗಳ ಮೇಲಿನವರೆಗೆ ಹೊದಿಸಿದ್ದಾರೆ. ‘ಹಳೆಯದಕ್ಕೇ ಹೊಸ ಮೇಕಪ್’ ಎಂದರು ಕೆಲವರು, ‘ಮೊದಲ ಸ್ವಿಫ್ಟ್‌ನ ತುಂಟತನ ಮರಳಿತು’ ಎಂದರು ಇನ್ನು ಕೆಲವರು. 2018ರ ಮಾದರಿಯಲ್ಲಿ ಹಿಂಬಾಗಿಲ ಹಿಡಿ ಕಿಟಕಿಯ ಪಕ್ಕದ ಕಂಬಕ್ಕೆ ಏರಿತ್ತು. ಎರಡು ಬಾಗಿಲ ಸ್ಪೋರ್ಟ್ಸ್ ಕಾರಿನಂತೆ ಕಾಣಲಿ ಎಂಬ ಆಸೆ. ಈಗ ಅದು ಬಾಗಿಲಿಗೇ ಇಳಿದಿದೆ. ಅಭಿಮಾನಿಗಳು ಮೂಗು ಮುರಿದರು. ಆದರೆ ಮಕ್ಕಳಿಗೆ, ಹಿಡಿ ಎಲ್ಲಿದೆಯೆಂದು ಬಾಗಿಲು ತಡವುತ್ತಿದ್ದ ಅಜ್ಜಿಯಂದಿರಿಗೆ ಅನುಕೂಲವೇ ಆಯಿತು.

ನಮ್ಮ ಎಂಟು ಜನರಲ್ಲಿ ಹೊಸ ಸ್ವಿಫ್ಟ್ ಕೊಂಡವರು ಒಬ್ಬರೇ, ಕಲಬುರಗಿಯ ಗೆಳೆಯರು. ಅವರ ಗಾಡಿಯನ್ನು ನಾನು ಮುಳಶಿಯಿಂದ ತಾಮ್ಹಿಣಿಯವರೆಗೆ ಓಡಿಸಿದೆ. ತೂಕ 900 ಕಿಲೋಗಿಂತ ತುಸು ಹೆಚ್ಚು, ಅಷ್ಟೆ. ಸೆಕೆಂಡ್ ಗೇರ್‌ನಲ್ಲಿ ತಿರುವಿಗೆ ಇಳಿಸಿದರೆ ಮೂತಿ ಹೇಳಿದತ್ತ ತಿರುಗುತ್ತದೆ, ಗೇರ್ ಬೆಣ್ಣೆಯಲ್ಲಿ ಚಾಕು ಆಡಿದಂತೆ ಬೀಳುತ್ತದೆ. ಓವರ್‌ಟೇಕ್‌ಗೆ ಗೇರ್ ಒಂದು ಇಳಿಸಬೇಕು, ನಿಜ. ಆದರೆ ಘಾಟಿನ ತಿರುವುಗಳಲ್ಲಿ ಮುಖದಲ್ಲಿ ನಗು ತರಿಸುವುದು ಹಗುರ ಮೈ. ಅದು ಹೋಗಿಲ್ಲ.

ಇಷ್ಟೆಲ್ಲ ವಾದ ಬರೀ ಹರಟೆಯಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ಆ ದಿನಗಳಲ್ಲೇ ನನ್ನ ಹೆಂಡತಿಯ ತಮ್ಮ ದಾವಣಗೆರೆಯಿಂದ ಫೋನ್ ಮಾಡಿದ್ದ. ಪಿಯು ಕಾಲೇಜಿನಲ್ಲಿ ಉಪನ್ಯಾಸಕ, ಮೂರು ವರ್ಷದ ಮಗಳಿದ್ದಾಳೆ. ಹದಿನೈದು ದಿನಕ್ಕೊಮ್ಮೆ ಹೆದ್ದಾರಿಯಲ್ಲಿ ಚಿತ್ರದುರ್ಗಕ್ಕೆ ಓಡಾಟ.

“ಭಾವ, ಹೊಸ ಸ್ವಿಫ್ಟ್‌ದು ಪಿಕಪ್ ಸತ್ತೋಗಿದೆ ಅಂತ ಎಲ್ರೂ ಹೇಳ್ತಿದಾರೆ. ಹಳೇ ಎಂಜಿನ್ನಿನ 2021ರದ್ದು ಒಂದು ಸಿಗ್ತಿದೆ. ಅದನ್ನೇ ತಗೊಂಬಿಡ್ಲಾ? ನೀವು ಏನ್ ಹೇಳ್ತೀರಿ?”

ನಮ್ಮಂಥವರ ಶೋಕ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನನಗೆ ಹೊಳೆದದ್ದು ಆಗ. 2022ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಎರಡು ಏರ್‌ಬ್ಯಾಗ್‌ನ, ನಮ್ಮಲ್ಲಿ ತಯಾರಾದ ಹಳೆಯ ಸ್ವಿಫ್ಟನ್ನು ಗೋಡೆಗೆ ಗುದ್ದಿಸಿ ನೋಡಿದಾಗ ಸಿಕ್ಕಿದ್ದು ಐದಕ್ಕೆ ಒಂದೇ ಸ್ಟಾರ್. ಆಗ ನಮ್ಮ ಬಳಗದಲ್ಲಿ ಮಿಸಳ್ ಆರಿರಲಿಲ್ಲ. ಒಂದು ಸಿಲಿಂಡರ್‌ಗೆ ಅತ್ತಷ್ಟು ನಾವು ನಾಲ್ಕು ಸ್ಟಾರ್‌ಗೆ ಅಳಲಿಲ್ಲ.

ನನ್ನ ದಿನಗೂಲಿ ನಡೆಯುವುದು ಗಾಡಿಯ ಬ್ರೇಕ್‌ಗೆ ಸಂಬಂಧಿಸಿದ ಸಾಫ್ಟ್‌ವೇರ್ ಬರೆದು. ಹೀಗಾಗಿ ಅವನಿಗೆ ಏರ್‌ಬ್ಯಾಗ್‌ಗಿಂತ ಮೊದಲು ಇಎಸ್‌ಪಿ ಬಗ್ಗೆ ಹೇಳಿದೆ. ಹೊಸ ಸ್ವಿಫ್ಟ್‌ನ ಎಲ್ಲ ಮಾದರಿಗಳಲ್ಲೂ ಅದು ಇದೆ. ನಾಲ್ಕೂ ಚಕ್ರಗಳ ವೇಗ, ಚಾಲಕ ಸ್ಟೀರಿಂಗ್ ತಿರುಗಿಸಿದ ಕೋನ, ಗಾಡಿ ನಿಜವಾಗಿ ತಿರುಗುತ್ತಿರುವ ರೀತಿ, ಇವನ್ನು ಅದು ಎಡೆಬಿಡದೆ ಹೋಲಿಸಿ ನೋಡುತ್ತದೆ. ಮಳೆಯಲ್ಲಿ ಎಮ್ಮೆಯೊಂದು ಅಡ್ಡ ಬಂದು ನೀವು ಗಕ್ಕನೆ ಎಡಕ್ಕೆಳೆದಿರಿ ಎನ್ನಿ. ಗಾಡಿಯ ಹಿಂಭಾಗ ಜಾರತೊಡಗಿದರೆ ಬೇಕಾದ ಒಂದೇ ಚಕ್ರಕ್ಕೆ ಬ್ರೇಕ್ ಹಾಕಿ ಅದನ್ನು ದಾರಿಗೆ ತರಲು ಯತ್ನಿಸುತ್ತದೆ. ನಮ್ಮ ಕಾಲಿಗೆ ಇರುವುದು ಒಂದೇ ಪೆಡಲ್, ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕುವುದು ಎಂಥ ಚಾಲಕನಿಂದಲೂ ಆಗದು. ‘ಪರ್ಫಾರ್ಮೆನ್ಸ್’ ಎಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ಅರ್ಥ ನನಗೆ ಗೊತ್ತಿಲ್ಲ.

ಹೊಸ ಕಾರು ಕಲ್ಲುಬಂಡೆಯೆಂದೇನೂ ಅವನಿಗೆ ಹೇಳಲಿಲ್ಲ. ಜಪಾನ್‌ನ ಪರೀಕ್ಷೆಯಲ್ಲಿ ಹೊಸ ಸ್ವಿಫ್ಟ್‌ಗೆ ನಾಲ್ಕು ಸ್ಟಾರ್, ಯೂರೋಪಿನಲ್ಲಿ ಮೂರು. ಅವು ಅಲ್ಲಲ್ಲಿಯ ಮಾದರಿಗಳಿಗೆ ಸಿಕ್ಕ ಅಂಕ, ಇಲ್ಲಿಯದಕ್ಕೆ ಹಾಗೇ ಅಂಟಿಸಲಾಗದು. ಆದರೂ ಹಳೆಯ ಗಾಡಿಯ ಎಂಟು ಪಿಎಸ್ ಒಂದು ಕಡೆ, ನಾಲ್ಕು ಏರ್‌ಬ್ಯಾಗ್ ಇನ್ನೊಂದು ಕಡೆ ಇಟ್ಟು ತೂಗಿದರೆ, ಹಿಂದಿನ ಸೀಟಿನಲ್ಲಿ ಮಗು ಕೂರುವ ಮನೆಗೆ ತಕ್ಕಡಿ ಯಾವ ಕಡೆ ವಾಲಬೇಕು ಎಂಬುದನ್ನು ಹೇಳಬೇಕಾಗಿಲ್ಲ. ಮೂರು ದಿನ ಯೋಚಿಸಿ ಅವನು ಹೊಸದನ್ನೇ ಬುಕ್ ಮಾಡಿದ. ‘ಎಸಿ ಹಾಕಿ, ನಾಲ್ಕು ಜನ ಕೂತು ಟೆಸ್ಟ್ ಡ್ರೈವ್ ಮಾಡಿದೆ ಭಾವ, ನಂಗೇನೂ ಸತ್ತಂಗೆ ಕಾಣ್ಲಿಲ್ಲ’ ಎಂದ.

ಹಾಗೆಂದು ಅಭಿಮಾನಿಗಳ ದುಃಖವೆಲ್ಲ ಹುಸಿ ಎನ್ನಲಾರೆ. ಹತ್ತು ಲಕ್ಷದೊಳಗೆ ಓಡಿಸುವ ಖುಷಿ ಕೊಡುವ ಸಣ್ಣ ಕಾರುಗಳು ಒಂದೊಂದಾಗಿ ಮಾಯವಾಗುತ್ತಿವೆ. 102 ಪಿಎಸ್‌ನ ಬಲೆನೊ ಆರ್‌ಎಸ್ 2017ರಲ್ಲಿ ಬಂದು 2020ಕ್ಕೆ ಹೋಯಿತು. 2021ರಲ್ಲಿ ಫೋರ್ಡ್ ಇಲ್ಲಿ ಕಾರು ತಯಾರಿಕೆ ನಿಲ್ಲಿಸಿ ಫಿಗೊ ಹೋಯಿತು, 2022ರಲ್ಲಿ ಪೋಲೊ. 120 ಪಿಎಸ್‌ನ ಐ20 ಎನ್ ಲೈನ್, 2024ರಲ್ಲಿ ಬಂದ ಆಲ್ಟ್ರೋಜ್ ರೇಸರ್‌ನಂಥವು ಬಂದಾಗ ನಾವು ಚಪ್ಪಾಳೆಯನ್ನೇನೋ ಜೋರಾಗಿಯೇ ತಟ್ಟಿದೆವು.

ಶೋರೂಮಿಗೆ ಹೋದವರೆಷ್ಟು? ಮೊನ್ನೆಯ ಭಾನುವಾರ ಪೌಡ್‌ನ ಹೋಟೆಲ್ ಎದುರು ನಮ್ಮ ಎಂಟು ಗಾಡಿ ಸಾಲಾಗಿ ನಿಂತಿದ್ದವು. ನನ್ನ ಹಳೆಯ ಡೀಸೆಲ್ ಸ್ವಿಫ್ಟ್, ಒಂದು ಪೋಲೊ, ಕಲಬುರಗಿಯವರ ಹೊಸ ಸ್ವಿಫ್ಟ್. ಉಳಿದ ಐದೂ ಎಸ್‌ಯುವಿ. ಆಟೋರಿಕ್ಷಾ ಎಂದು ಸಿಟ್ಟಾದ ಹಿರಿಯರದ್ದು ಅವುಗಳಲ್ಲೆಲ್ಲ ದೊಡ್ಡದು.

“ಸರ್, ನಿಮ್ಮ ಗಾಡಿಯ ಹೊಗೆಯ ಲೆಕ್ಕ ಸರಿದೂಗಿಸೋಕೇ ಸ್ವಿಫ್ಟ್ ಒಂದು ಸಿಲಿಂಡರ್ ಬಿಟ್ಟುಕೊಟ್ಟಿರೋದು,” ಎಂದೆ.

ಅವರು ಮಿಸಳ್‌ಗೆ ನಿಂಬೆಹಣ್ಣು ಹಿಂಡುತ್ತ ನಕ್ಕರು. “ಹಂಗಾದ್ರ ಮುಂದಿನ ಸಲ ಸಣ್ಣದ ತಗೊಳ್ಳೋಣಂತ. ಮನ್ಯಾಕಿನ್ನ ನೀನ ಒಪ್ಪಸು.”