ನಿಮಗಿದು ಗೊತ್ತೆ? ಹಸಿವನ್ನು ಅಳೆಯುವ ತೋಳುಪಟ್ಟಿ

ಬರ, ನೆರೆ, ಯುದ್ಧಗಳಿಂದ ಊರು ಬಿಟ್ಟವರ ಶಿಬಿರಗಳಲ್ಲಿ ಮಕ್ಕಳ ಅಪೌಷ್ಟಿಕತೆಯನ್ನು ಬೇಗ ಗುರುತಿಸಲು ಬಣ್ಣದ ಪಟ್ಟಿಯೊಂದು ಸಾಕು. 6 ತಿಂಗಳಿಂದ 5 ವರ್ಷದೊಳಗಿನ ಮಗುವಿನ ತೋಳಿನ ನಡುಭಾಗಕ್ಕೆ ಅದನ್ನು ಸುತ್ತುತ್ತಾರೆ. ಸುತ್ತಳತೆ 12.5 ಸೆಂ.ಮೀ. ಅಥವಾ ಹೆಚ್ಚಿದ್ದರೆ ಹಸಿರು, 11.5ರಿಂದ 12.5ರ ನಡುವಿದ್ದರೆ ಹಳದಿ. ಅದಕ್ಕೂ ಕಡಿಮೆಯಾದರೆ ಕೆಂಪು: ಮಗುವಿನ ಜೀವ ಅಪಾಯದಲ್ಲಿದೆ, ಚಿಕಿತ್ಸೆ ಕೂಡಲೇ ಶುರುವಾಗಬೇಕು. ತೂಕದ ಯಂತ್ರ ಬೇಡ, ಜನನ ಪತ್ರವೂ ಬೇಡ. ಕಲಿಸಿಕೊಟ್ಟರೆ ತಾಯಂದಿರೇ ಅಳೆಯಬಲ್ಲರು. ಈ ಪಟ್ಟಿಯ ದೊಡ್ಡ ಗುಣ ಅದೇ.

ಪಟ್ಟಿಗೆ ಸಿಗದ ಲಕ್ಷಣವೂ ಒಂದಿದೆ. ಎರಡೂ ಪಾದಗಳನ್ನು ಹೆಬ್ಬೆರಳಿನಿಂದ 3 ಸೆಕೆಂಡು ಒತ್ತಿದಾಗ ಗುಳಿ ಹಾಗೇ ಉಳಿದರೆ, ತೋಳಿನ ಅಳತೆ ಎಷ್ಟೇ ಇರಲಿ, ಅದು ಅತಿ ತೀವ್ರ ಅಪೌಷ್ಟಿಕತೆ.

ಪಟ್ಟಿ ಒಂದೊಂದು ಮಗುವಿನ ಸ್ಥಿತಿ ಹೇಳುತ್ತದೆ. ಇಡೀ ಪ್ರದೇಶದ ಹಸಿವಿನ ಸ್ಥಿತಿಯನ್ನು 1ರಿಂದ 5 ಹಂತಗಳಲ್ಲಿ ಗುರುತಿಸುವ ‘ಐಪಿಸಿ’ ಮಾಪನ 2004ರಲ್ಲಿ ಸೊಮಾಲಿಯಾದಲ್ಲಿ ರೂಪುಗೊಂಡಿತು. ಕನಿಷ್ಠ ಶೇ 20ರಷ್ಟು ಮನೆಗಳಲ್ಲಿ ಆಹಾರದ ವಿಪರೀತ ಅಭಾವ, ಶೇ 30ರಷ್ಟು ಮಕ್ಕಳಲ್ಲಿ ತೀವ್ರ ಅಪೌಷ್ಟಿಕತೆ, ದಿನಕ್ಕೆ 10,000 ಜನರಲ್ಲಿ ಇಬ್ಬರ ಸಾವು: ಇವು 5ನೇ ಹಂತವಾದ ಕ್ಷಾಮದ ಗುರುತುಗಳು. ಸಾವೂ ಲೆಕ್ಕಕ್ಕೆ ಸೇರುವುದರಿಂದ, ಕ್ಷಾಮದ ಘೋಷಣೆಗಾಗಿ ಕಾದರೆ ನೆರವು ತಡವಾಗಿಯೇ ತಲುಪುತ್ತದೆ. ದಕ್ಷಿಣ ಸೊಮಾಲಿಯಾದಲ್ಲಿ ಆದದ್ದೂ ಅದೇ. 2010ರಲ್ಲೇ ಎಚ್ಚರಿಕೆಗಳು ಬಂದಿದ್ದವು. ಕ್ಷಾಮ ಘೋಷಣೆಯಾದದ್ದು 2011ರ ಜುಲೈ 20ರಂದು. 2012ರ ಏಪ್ರಿಲ್ ಹೊತ್ತಿಗೆ ಸತ್ತವರು ಸುಮಾರು 2.58 ಲಕ್ಷ ಎಂದು ನಂತರದ ಅಧ್ಯಯನ ಅಂದಾಜಿಸಿತು. ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ 5 ವರ್ಷದೊಳಗಿನ ಮಕ್ಕಳು.